ನಾಲೆ ಏರಿ ದಾರಿ

ಹೋದ ಸಲ ಹಿತಕವರೆ ಬೇಳೆ ಸಾರಿನ ವಿಷಯ ಬರೆದಿದ್ದಕ್ಕೆ ಪಿರಿಯಾಪಟ್ಟಣದ ನಮ್ಮ ದೊಡ್ಡವ್ವನ ಸೊಸೆ ಫೋನ್ ಮಾಡಿ, "ಅದೇನಕ್ಕ, ಅಷ್ಟು ಕಾಯಿ ರುಬ್ಬಿ ಹಾಕುದ್ರೆ ಅವರೆ ಸೊಗಡೇ ಹೊಂಟೋಯ್ತದಲ್ಲ" ಅಂತ ಜಗಳ ತೆಗೆದ್ಲು. ಅದಕ್ಕೆ ಈ ಸಲ ಅಡುಗೆಮನೆ ಬಿಟ್ಟು ಆಚೆಗೆ ಬಂದಿದ್ದೀನಿ. ಸೈಕಲ್ ವಿಷಯ ಬರೀತೀನಿ. ನಗಬೇಡಿ, ಕೊನೆವರೆಗೂ ಓದಿ. ನಲವತ್ತು ವರ್ಷದಿಂದ ಯಾರ ಹತ್ರಾನೂ ಹೇಳದೆ ಇದ್ದದ್ದು ಒಂದು ಇದರಲ್ಲಿ ಅದೆ.

ದಸರಾ ಮುಗಿದ ವಾರ ತವರಿಗೆ ಹೋಗಿದ್ದೆ. ತವರು ಕೆ.ಆರ್. ನಗರದ ಕಡೆ, ಚಾಮರಾಜ ನಾಲೆ ಬಯಲು, ನಿಮಗೆಲ್ಲ ಗೊತ್ತಿರೋದೇ. ನಮ್ಮಕ್ಕಾನೂ ಬಂದಿದ್ಲು. ಅವಳ ಮಗಳು ಫ್ರಾನ್ಸ್ ದೇಶದ ತುಲೂಸ್ ಅನ್ನೋ ಊರಲ್ಲಿ ಕೆಲಸದಲ್ಲಿದ್ದಾಳೆ. ಅವಳು ಅಕ್ಕನ ಫೋನಿಗೆ ಒಂದು ವಿಡಿಯೋ ಕಳಿಸಿದ್ಲು. ಜಗಲಿ ಮೇಲೆ ಕೂತು ಎಲ್ಲರೂ ನೋಡಿದೋ, ಅಕ್ಕ, ನಾನು, ತಮ್ಮನ ಹೆಂಡ್ತಿ, ತಮ್ಮನ ಸಣ್ಣ ಮಗಳು. ಒಂದು ಕಡೆ ನಿಂತಂಗಿರೋ ಹಸಿರು ನೀರು, ಎರಡೂ ದಡದಲ್ಲಿ ಎತ್ತರದ ಮರ, ಮರದ ಬುಡದಲ್ಲೇ ದಾರಿ. ಕಾರಿಲ್ಲ, ಬೈಕಿಲ್ಲ, ಹಾರನ್ನಿಲ್ಲ. ಸೈಕಲ್ ಚಕ್ರ ಮಣ್ಣಿನ ಮೇಲೆ ಉರುಳೋ ಸದ್ದು ಬಿಟ್ರೆ ಯಾವುದೋ ಹಕ್ಕಿ ಕೂಗು. ಎದುರಿಗೆ ತಲೆ ಪೂರ್ತಿ ಬೆಳ್ಳಗಾಗಿರೋ ಒಬ್ಬ ಅಜ್ಜಿ ಸೈಕಲ್ ತುಳ್ಕೊಂಡು ಬಂದ್ಲು, ಕೈ ಎತ್ತಿ ಏನೋ ಅಂದ್ಲು, ಹೋದ್ಲು.

ಅಕ್ಕ ಕಣ್ಣು ಕಿರಿದು ಮಾಡಿ ನೋಡ್ತಾ ಇದ್ದೋಳು, "ಅಯ್ಯೋ, ಇದು ನಮ್ಮ ನಾಲೆ ಏರಿ ಅಲ್ವೇನೇ!" ಅಂದ್ಲು.

ಎಲ್ಲರೂ ನಕ್ಕುಬುಟ್ಟೋ. ಆದ್ರೆ ಅವಳು ಹೇಳಿದ್ದು ಸುಳ್ಳಲ್ಲ. ಹೊಂಗೆ ಮರದ ಬದಲು ಅಲ್ಲಿ ಬೇರೆ ಮರ, ಒಗೆಯೋ ಕಲ್ಲಿಲ್ಲ, ಎಮ್ಮೆ ಇಲ್ಲ. ಅಷ್ಟೇ ವ್ಯತ್ಯಾಸ.

ಆಮೇಲೆ ಹುಡುಗಿ ಜೊತೆ ಫೋನಲ್ಲಿ ಮಾತಾಡಿದಾಗ ಕೇಳಿ ತಿಳ್ಕೊಂಡೆ. ಆ ನಾಲೆ ಹೆಸರು ಕನಾಲ್ ದು ಮಿದಿ. ಮಿದಿ ಅಂದ್ರೆ ಅವರಲ್ಲಿ ಮಧ್ಯಾಹ್ನ, ದಕ್ಷಿಣ ಸೀಮೆಗೂ ಅದೇ ಹೆಸರಂತೆ. 1666ರಲ್ಲಿ ಅಗೆಯೋಕೆ ಶುರು ಮಾಡಿ 1681ಕ್ಕೆ ಮುಗಿಸಿದ್ದು. ಉದ್ದ 240 ಕಿಲೋಮೀಟರು. ಮಾಡಿಸಿದೋನು ರಿಕೆ ಅಂತ, ಉಪ್ಪಿನ ಸುಂಕ ವಸೂಲಿ ಮಾಡ್ತಿದ್ದ ಸಾಹುಕಾರ. ಪಾಪ, ಮುಗಿಯೋದಕ್ಕೆ ಒಸಿ ದಿನ ಮುಂಚೆ ಸತ್ತೋದನಂತೆ. ಅಗೆದೋರಲ್ಲಿ ಬೆಟ್ಟದ ಕಡೆಯಿಂದ ಬಂದ ಹೆಂಗಸರೂ ಬೇಕಾದಷ್ಟು ಜನ ಇದ್ರಂತೆ, ಮಂಕರಿಯಲ್ಲಿ ಮಣ್ಣು ಹೊರೋಕೆ. ಅದು ಹೊಲಕ್ಕೆ ನೀರು ಕೊಡೋಕೆ ಅಂತ ಮಾಡಿದ ನಾಲೆ ಅಲ್ಲ, ದೋಣಿ ಓಡಿಸೋಕೆ. ದಡದ ಮೇಲೆ ಕುದುರೆ ನಡೀತಾ ಹಗ್ಗದಲ್ಲಿ ದೋಣಿ ಎಳೀತಿತ್ತು. ಆ ಕುದುರೆ ನಡೆದ ದಾರಿಯಲ್ಲೇ ಈಗ ನಮ್ಮ ಹುಡುಗಿ ಸೈಕಲ್ ತುಳೀತಾಳೆ. ತುಲೂಸ್ ಹತ್ರ ಡಾಂಬರು ಹಾಕವ್ರೆ, ಮುಂದಕ್ಕೆ ಹೋದ್ರೆ ಮಣ್ಣು, ಮರದ ಬೇರು. "ನಮ್ಮೂರಂಗೇ ಕುಂಡಿ ನೋಯ್ತದೆ ಚಿಕ್ಕವ್ವ" ಅಂದ್ಲು.

ಆ ಮರಗಳಿಗೆ ಈಗ ರೋಗ ಬಂದದಂತೆ. 2006ರಿಂದ ಕಡೀತಾ ಬಂದವ್ರೆ. ನಲವತ್ತು ಸಾವಿರದಷ್ಟು ಮರ ದಡದಲ್ಲಿ ಇದ್ದವಂತೆ. ಕಡಿದ ಜಾಗದಲ್ಲಿ ಬೇರೆ ಜಾತಿ ಗಿಡ ನೆಡ್ತಾ ಅವ್ರೆ. ನೆಟ್ಟಾರಲ್ಲ, ಅದೇ ದೊಡ್ಡದು ಅಂತ ನನಗನ್ನಿಸ್ತು. ನಮ್ಮ ಕಡೆ ಹೊಂಗೆ ಕಡಿದೋರು ಯಾರು, ನೆಟ್ಟೋರು ಯಾರು ಅಂತ ಕೇಳೋಕೋದ್ರೆ ಜಗಳವೇ ಆಯ್ತದೆ.

ಫ್ರಾನ್ಸಲ್ಲಿ ರೈಲು ನಿಂತುಹೋದ ಹಳೇ ಹಳಿ ಕಿತ್ತು ಅದನ್ನೂ ಸೈಕಲ್ ದಾರಿ ಮಾಡವ್ರೆ. ಹಸಿರು ದಾರಿ ಅಂತ ಅರ್ಥ ಬರೋ ಹೆಸರಿಟ್ಟವ್ರೆ. ಬರ್ಗಂಡಿ ಅನ್ನೋ ದ್ರಾಕ್ಷಿ ಸೀಮೆಯಲ್ಲಿ 1997ರಲ್ಲಿ ಅಂಥ ಮೊದಲನೇದು ಶುರುವಾಯ್ತಂತೆ. ಆ ದೇಶದಲ್ಲೂ ಬೇಕಾದಷ್ಟು ಕಡೆ ಗುಡ್ಡ, ಏರು ತಗ್ಗು ಅವೆ. ಹಂಗಿದ್ರೂ ಅರವತ್ತು ಎಪ್ಪತ್ತು ವರ್ಷದೋರು ಹೆಂಗೆ ತುಳೀತಾರೆ ಅಂತ ಕೇಳಿದ್ದಕ್ಕೆ ಹುಡುಗಿ ಹೇಳಿದ್ದು: ರೈಲಿಗೆ ಕಡಿದಾದ ಏರು ಹತ್ತೋಕಾಗಲ್ಲ, ನಾಲೆ ನೀರಿಗೆ ಏರು ಅನ್ನೋದೇ ಇಲ್ಲ, ಅದಕ್ಕೆ ಎರಡೂ ದಾರಿ ಗುಡ್ಡ ಬಳಸ್ಕೊಂಡು ಸಮವಾಗಿ ಹೋಯ್ತವೆ.

ಇದು ನಮಗೆ ಹೊಸದಲ್ಲ. ನಮ್ಮ ನಾಲೆನೂ ಅಂಗೇ. ಅಣೆಕಟ್ಟೆ ಹತ್ರ ಹೊಳೆ ಬಿಟ್ಟು ಹೊರಟ ನೀರು ಒಂದೊಂದು ಮೈಲಿಗೆ ಒಂದಿಷ್ಟೇ ಇಳೀತಾ ಹೋಗಬೇಕು. ಜಾಸ್ತಿ ಇಳಿದ್ರೆ ಮುಂದಿನೂರ ಗದ್ದೆ ನಾಲೆಗಿಂತ ಮೇಲಾಗೋಯ್ತದೆ, ನೀರು ಹತ್ತಲ್ಲ. ಅದಕ್ಕೇ ದಿಣ್ಣೆ ಬಂದ್ರೆ ದಿಣ್ಣೆ ಸುತ್ತಾಕ್ಕೊಂಡು, ಹಳ್ಳ ಬಂದ್ರೆ ಹಳ್ಳದ ಮೇಲೆ ಹಾಯ್ದು, ಹಾವಿನಂಗೆ ಹೋಗೋದು. ನಮ್ಮೂರಿಂದ ಕೆ.ಆರ್. ನಗರಕ್ಕೆ ಮೇನ್ ರೋಡಲ್ಲಿ ಆರು ಕಿಲೋಮೀಟರು, ನಾಲೆ ಏರಿ ಮೇಲೆ ಏಳೂವರೆ. ಆದ್ರೆ ರೋಡಲ್ಲಿ ಎರಡು ಏರು ಸಿಕ್ತದೆ, ಅಲ್ಲಿ ಇಳಿದು ತಳ್ಳಬೇಕು. ಏರಿ ಮೇಲೆ ಒಂದ್ಸಲಾನೂ ಇಳಿಯಂಗಿಲ್ಲ. ನಮ್ಮಪ್ಪ ಓದಿದ್ದು ನಾಲ್ಕನೇ ಕ್ಲಾಸು, ಆದ್ರೂ ಇದನ್ನ ನನಗೆ ಕೈಯಲ್ಲಿ ಮಣ್ಣು ಗೀರಿ ತೋರಿಸಿದ್ದ.

ಅಪ್ಪನ ವಿಷಯ ಬಂತಲ್ಲ, ಅಲ್ಲಿಂದಲೇ ಹೇಳ್ತೀನಿ.

ನಮ್ಮಕ್ಕನ್ನ ಏಳನೇ ಕ್ಲಾಸಿಗೇ ಬಿಡಿಸಿಬುಟ್ರು. ಹೈಸ್ಕೂಲು ದೂರ, ಒಂಟಿ ಹೆಣ್ಣುಮಗು ನಡೆದು ಹೋಗೋದು ಬ್ಯಾಡ ಅಂತ. ನನ್ನ ಸರದಿ ಬರೋ ಹೊತ್ತಿಗೆ ಜೊತೆಗೆ ಹೋಗೋ ಹುಡುಗೀರು ನಾಲ್ಕು ಜನ ಇದ್ರು, ಹಂಗಾಗಿ ಎಸ್ಸೆಸ್ಸೆಲ್ಸಿ ಆಯ್ತು. 1984ರಲ್ಲಿ ಪಿಯುಸಿಗೆ ಸೇರಬೇಕು ಅಂದಾಗ ಆ ನಾಲ್ಕು ಜನದಲ್ಲಿ ಮೂರು ಜನಕ್ಕೆ ಮದುವೆ ಆಗಿತ್ತು, ಇನ್ನೊಬ್ಬಳು ಫೇಲು. ನಾನೊಬ್ಬಳೇ. ಮೂರು ದಿನ ಊಟ ಬಿಟ್ಟೆ. ನಾಲ್ಕನೇ ದಿನ ಅಪ್ಪ ತನ್ನ ಹಳೇ ಅಟ್ಲಾಸ್ ಸೈಕಲ್ಲು ತಂದು ಕೊಟ್ಟಿಗೆ ಮುಂದೆ ನಿಲ್ಲಿಸಿ, "ಕಲ್ತುಕೋ. ಬಿದ್ದು ಕೈಕಾಲು ಮುರ್ಕೊಂಡ್ರೆ ನಾನು ಕೇಳಂಗಿಲ್ಲ" ಅಂದ. ಗಂಡಸರ ಸೈಕಲ್ಲು, ಬಾರಿನದು. ಲಂಗ ಎತ್ತಿ ಕಟ್ಟಿ ಬಾರಿನ ಕೆಳಗೆ ಕಾಲು ತೂರಿಸಿ ಅರ್ಧ ಅರ್ಧ ಪೆಡಲು ತುಳಿದು ಕಲ್ತೆ. ಎಡಮಂಡಿ ಮೇಲಿನ ಗಾಯದ ಗುರುತು ಈಗಲೂ ಅದೆ.

ಅಪ್ಪ ಹಾಕಿದ ಷರತ್ತು ಒಂದೇ. "ರೋಡಲ್ಲಿ ಹೋಗಕೂಡ್ದು. ಏರಿ ಮೇಲೆ ಹೋಗು, ಏರಿ ಮೇಲೆ ಬಾ."

ಎರಡು ವರ್ಷ ಹಂಗೇ ಹೋದೆ ಕಣ್ರವ್ವ. ಬೆಳಿಗ್ಗೆ ಎಂಟಕ್ಕೆ ಬಿಟ್ರೆ ಎಡಗಡೆ ನಾಲೆ ತುಂಬ ನೀರು, ಬಲಗಡೆ ಕೆಳಗೆ ಗದ್ದೆ ಬಯಲು. ಶ್ರಾವಣದಲ್ಲಿ ನಾಟಿ ಪದ, ಮಾರ್ಗಶಿರದಲ್ಲಿ ಕುಯ್ಲು. ಮೂರು ಕಡೆ ಸೋಪಾನ, ಅಲ್ಲಿ ಬಟ್ಟೆ ಒಗೆಯೋ ಹೆಂಗಸರು. ತೂಬಿನ ಹತ್ರ ನೀರಗಂಟಿ, ಹೆಗಲ ಮೇಲೆ ಗುದ್ದಲಿ. ಅವನು ದಿನಾ ಒಂದೇ ಮಾತು ಕೇಳ್ತಿದ್ದ, "ಏನವ್ವ, ಪಾಸಾದೀಯ?" ನಾನು ದಿನಾ, "ಆಯ್ತೀನಿ ಮಾವ" ಅನ್ನೋದು. ನಮ್ಮ ಹಟ್ಟಿಯಲ್ಲಿ ಏಳು ಜನ, ದನ ಕರು, ಯಾವಾಗಲೂ ಗಲಾಟೆ. ಒಬ್ಬಳೇ ಕೂತು ಏನಾದ್ರೂ ಯೋಚನೆ ಮಾಡಿದ್ದು ಅಂದ್ರೆ ನನ್ನ ಜೀವಮಾನದಲ್ಲಿ ಆ ಏರಿ ಮೇಲೇನೇ. ಸೈಕಲ್ ಮೇಲೆ ಕೂತ್ಕೊಂಡೇ ಇತಿಹಾಸದ ಪಾಠ ಗಟ್ಟಿಯಾಗಿ ಒಪ್ಪಿಸ್ತಿದ್ದೆ, ಕೇಳೋರಿಲ್ಲ ಅಂತ. ಎಮ್ಮೆ ಮೇಯಿಸೋ ಹುಡುಗರು ಅದನ್ನೇ ಕಲ್ತು ನನ್ನ ಹಿಂದೆ ಕೂಗೋರು.

ಈಗ ಹೇಳದೆ ಇದ್ದ ವಿಷಯ.

1985ರಲ್ಲಿ ದಸರಾ ಕಳೆದು ಒಸಿ ದಿನಕ್ಕೆ. ಅವತ್ತು ಸ್ಪೆಷಲ್ ಕ್ಲಾಸು ಅಂತ ಹೊತ್ತಾಯ್ತು. ಬರೋವಾಗ ಹೊತ್ತು ಮುಳುಗ್ತಿತ್ತು, ಭತ್ತ ಎದೆಮಟ್ಟ ಬೆಳೆದು ಬಯಲಲ್ಲಿ ಯಾರೂ ಕಾಣ್ತಿರಲಿಲ್ಲ. ಸಣ್ಣ ಮೋರಿ ಮೇಲೆ ಒಬ್ಬ ಕೂತಿದ್ದ. ಮುಖ ನೋಡಿದ್ದೆ, ಹೆಸರು ಗೊತ್ತಿಲ್ಲ. ನಾನು ಹತ್ರ ಬಂದಾಗ ಎದ್ದು ಬಂದು ಹ್ಯಾಂಡಲ್ ಹಿಡ್ಕೊಂಡ. ಏನೋ ಮಾತಾಡಿದ, ಅದನ್ನ ಇಲ್ಲಿ ಬರೆಯೋಕೆ ಬರಲ್ಲ. ನನಗೆ ಗಂಟಲು ಕಟ್ಟಿಹೋಯ್ತು. ಕೂಗಬೇಕು ಅಂತ ಗೊತ್ತು, ಕೂಗು ಬರ್ತಿಲ್ಲ. ಒಂದು ಕಡೆ ನೀರು, ಒಂದು ಕಡೆ ಆಳದ ಗದ್ದೆ, ಎಲ್ಲಿಗೆ ಅಂತ ಓಡೋದು. ಯಾವ ದಾರಿ ನನ್ನದು ಅಂದ್ಕೊಂಡಿದ್ನೋ ಅದೇ ದಾರಿ ಬಾವಿಯಂಗಾಗೋಯ್ತು.

ಆಗ ಏರಿ ಕೆಳಗಿನ ಬದುವಿನಲ್ಲಿ ಹುಲ್ಲು ಕುಯ್ತಿದ್ದ ಒಬ್ಬ ಅಜ್ಜಿ ಎದ್ದು ನಿಂತ್ಲು. ಕೂತು ಕುಯ್ತಿದ್ದಳಲ್ಲ, ಭತ್ತದ ಮರೆಯಲ್ಲಿ ನಮಗಿಬ್ಬರಿಗೂ ಕಂಡಿರಲಿಲ್ಲ. ಕೈಯಲ್ಲಿ ಕುಡ್ಲು. "ಯಾವನ್ಲಾ ಅವ್ನು?" ಅಂದ್ಲು ಅಷ್ಟೇ. ದೊಡ್ಡದಾಗೂ ಕೂಗಲಿಲ್ಲ. ಅವನು ಹ್ಯಾಂಡಲ್ ಬಿಟ್ಟು, ಏನೂ ಆಗೇ ಇಲ್ಲ ಅನ್ನೋ ಹಂಗೆ ಬೀಡಿ ಹಚ್ಕೊಂಡು ಹೊರಟೋದ. ಅಜ್ಜಿ ಹೊರೆ ತಲೆ ಮೇಲಿಟ್ಕೊಂಡು ನಮ್ಮೂರ ಎಲ್ಲೆವರೆಗೂ ನನ್ನ ಜೊತೆ ನಡೆದ್ಲು. ಯಾರ ಮಗಳು ಅಂತಾನೂ ಕೇಳಲಿಲ್ಲ. ಬೇರೆಯಾಗೋ ಜಾಗದಲ್ಲಿ, "ಹೊತ್ತು ಮುಳುಗೋದಕ್ಕೆ ಮುಂಚೆ ಬಾ, ನಾನಿರ್ತೀನಿ" ಅಂದ್ಲು.

ಮನೆಯಲ್ಲಿ ಹೇಳಲಿಲ್ಲ. ಹೇಳಿದ್ರೆ ಏನಾಯ್ತಿತ್ತು ಅಂತ ಓದ್ತಿರೋ ನಿಮಗೆಲ್ಲ ಗೊತ್ತು. ಅವನನ್ನ ಯಾರೂ ಏನೂ ಮಾಡ್ತಿರಲಿಲ್ಲ, ನನ್ನ ಸೈಕಲ್ಲು ಕೊಟ್ಟಿಗೆ ಸೇರ್ತಿತ್ತು. ಹಂಗಾಗಿ ಬಾಯಿ ಮುಚ್ಚಿಕೊಂಡೆ. ಪರೀಕ್ಷೆ ಮುಗಿಯೋವರೆಗೂ ಆ ಅಜ್ಜಿ ಹುಲ್ಲು ಕುಯ್ಯೋ ಹೊತ್ತು ನೋಡ್ಕೊಂಡೇ ಬರ್ತಿದ್ದೆ. ದಿನಾ ಬೆಲ್ಲು ಹೊಡೀತಿದ್ದೆ, ಅವಳು ಕುಡ್ಲು ಎತ್ತಿ ತೋರಿಸೋಳು. ಮಾತಾಡಿದ್ದು ಅದೊಂದೇ ದಿನ. ಪಾಸಾದೆ. ಮಾರನೇ ವರ್ಷ ಮದುವೆ ಆಗಿ ಹುಣಸೂರಿನ ಈ ಕಡೆಗೆ ಬಂದೆ. ಅಜ್ಜಿ ಯಾವೂರೋಳು ಅಂತ ವಿಚಾರಿಸೋ ಹೊತ್ತಿಗೆ ಸತ್ತೋಗಿದ್ಲು.

ಮದುವೆ ಆದ್ಮೇಲೆ ಸೈಕಲ್ ಹತ್ತಿದ್ದು ಎಣಿಸಿದಂಗೆ ಹತ್ತು ಹದಿನೈದು ಸಲ ಇರಬೇಕು. ಇಲ್ಲೂ ಲಕ್ಷ್ಮಣತೀರ್ಥದ ಹನಗೋಡು ಅಣೆಕಟ್ಟೆ ನಾಲೆಗಳ ಏರಿ ಅವೆ, ಒಳ್ಳೇ ದಾರಿ. ಆದ್ರೆ ಸೊಸೆ ಸೈಕಲ್ ತುಳೀತಾಳೆ ಅಂದ್ರೆ ನಮ್ಮತ್ತೆ, "ನಮ್ಮನೇಲಿ ಗಾಡಿ ಇಲ್ವಾ?" ಅನ್ನೋರು. ಅದೂ ಅಲ್ಲದೆ ಹನಗೋಡಿನಿಂದಾಚೆ ನಾಗರಹೊಳೆ ಕಾಡಂಚು, ಆನೆ ಇಳಿಯೋ ಜಾಗ. ಎಚ್.ಡಿ. ಕೋಟೆ ಕಡೆ ಕಬಿನಿ ಹಿನ್ನೀರ ಬದಿ ದಾರಿಗಳೂ ನಿಶ್ಶಬ್ದವಾಗಿ ನೋಡೋಕೆ ಚೆಂದ, ನಮ್ಮ ನಾದಿನಿ ಮನೆಗೆ ಹೋದಾಗ ನಡೆದಿದ್ದೀನಿ. ಅಲ್ಲೂ ಹೊತ್ತು ಮುಳುಗೋದ್ರೊಳಗೆ ಮನೆ ಸೇರ್ಕೋಬೇಕು. ಪಿರಿಯಾಪಟ್ಟಣದ ಹಾರಂಗಿ ನಾಲೆ ಏರಿ ಮೇಲೆ ಒಂದ್ಸಲ ಸ್ಕೂಟರಲ್ಲಿ ಹೋಗಿದ್ದೆ, ದೂರಕ್ಕೆ ಬೆಟ್ಟದಪುರದ ಬೆಟ್ಟ ಕಾಣ್ತಾ ಇರ್ತದೆ. ಹೊಗೆಸೊಪ್ಪು ಸುಡೋ ಕಾಲದಲ್ಲಿ ಊರ ರೋಡಲ್ಲೆಲ್ಲ ಸೌದೆ ಟ್ರ್ಯಾಕ್ಟರು ತುಂಬಿದ್ರೂ ಏರಿ ಮೇಲೆ ಒಂದು ನರಪಿಳ್ಳೆ ಇರಲ್ಲ.

ಮೂರು ವರ್ಷದ ಹಿಂದೆ ನಮ್ಮೆಜಮಾನ್ರು ಬೆಳಗಿನ ಜಾವ ಡೈರಿಗೆ ಹಾಲು ಹಾಕೋಕೆ ಸೈಕಲಲ್ಲಿ ಮೈಸೂರು ಮಡಿಕೇರಿ ರೋಡು ದಾಟುವಾಗ ಒಂದು ಕಾರು ತಾಗಿಸಿಕೊಂಡು ಹೋಯ್ತು. ನಿಲ್ಲಲಿಲ್ಲ. ಯಾರೋ ಪುಣ್ಯಾತ್ಮರು ಆಸ್ಪತ್ರೆಗೆ ಸೇರಿಸಿದ್ರು. ತೊಡೆ ಮೂಳೆಗೆ ರಾಡು ಹಾಕವ್ರೆ, ಈಗಲೂ ಮೆಟ್ಟಿಲು ಹತ್ತೋವಾಗ ಗೋಡೆ ಹಿಡ್ಕೋಬೇಕು. ವಾರಾಂತ್ಯ ಬಂತು ಅಂದ್ರೆ ಆ ರೋಡಲ್ಲಿ ಕೊಡಗಿಗೆ ಹೋಗೋ ಕಾರುಗಳು ಒಂದರ ಬಾಲ ಒಂದು ಕಚ್ಕೊಂಡು ಹೋಯ್ತವೆ, ಆಚೆ ಪಕ್ಕದ ಅಂಗಡಿಗೆ ಸಕ್ಕರೆ ತರೋಕೂ ಹತ್ತು ನಿಮಿಷ ಕಾಯಬೇಕು. ಸೊಟ್ಟಗಾದ ಸೈಕಲ್ಲು ನಮ್ಮ ಸೌದೆ ಕೊಟ್ಟಿಗೆಯಲ್ಲಿ ಹಂಗೇ ಬಿದ್ದದೆ. ಗುಜರಿಗೂ ಕೊಟ್ಟಿಲ್ಲ. ಅದರ ವಿಷಯ ಯಾರೂ ಎತ್ತೋದಿಲ್ಲ.

ಇಷ್ಟೆಲ್ಲ ಮನಸ್ಸಲ್ಲಿ ಇಟ್ಕೊಂಡು ಜಗಲಿ ಮೇಲೆ ಕೂತಿದ್ದೆ ನಾನು. ವಿಡಿಯೋ ಮುಗಿದ್ಮೇಲೆ ತಮ್ಮನ ಮಗಳು ಅಪ್ಪನ ಕಡೆ ತಿರುಗಿ, "ನಾನೂ ಏರಿ ಮೇಲೆ ಸೈಕಲಲ್ಲಿ ಸ್ಕೂಲಿಗೆ ಹೋಯ್ತೀನಿ" ಅಂದ್ಲು. ಅವಳಿಗೆ ಹದಿಮೂರು, ಕೆ.ಆರ್. ನಗರದಲ್ಲಿ ಎಂಟನೇ ಕ್ಲಾಸು. ದಿನಾ ಒಂದು ವ್ಯಾನಲ್ಲಿ ಕುರಿ ತುಂಬಿದಂಗೆ ತುಂಬ್ಕೊಂಡು ಹೋಯ್ತಾರೆ. ಅವಳ ಅಕ್ಕನಿಗೆ ಸರ್ಕಾರ ಕೊಟ್ಟ ಸೈಕಲ್ಲು ಅಟ್ಟದ ಮೇಲೆ ಅದೆ. 2006-07ರಲ್ಲಿ ಶುರುವಾದ ಆ ಯೋಜನೆಯಿಂದ ನಮ್ಮ ಕಡೆ ಎಷ್ಟು ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸಿದ್ರು ಅಂತ ನಾನೇ ಕಣ್ಣಾರೆ ಕಂಡಿದ್ದೀನಿ. ಸಾಯಂಕಾಲ ಒಂದೇ ಬಣ್ಣದ ಸೈಕಲ್ಲು ಸಾಲಾಗಿ ಬರೋದು ನೋಡೋಕೆ ಒಂದು ಹಬ್ಬ. ಕೊರೋನಾ ಬಂದ್ಮೇಲೆ ಅದು ನಿಂತೋಯ್ತು, ಈ ಸಣ್ಣೋಳಿಗೆ ಸಿಗಲಿಲ್ಲ.

ತಮ್ಮ ಒಪ್ಪಲಿಲ್ಲ. "ರೋಡಲ್ಲಿ ಹೋದ್ರೆ ಭಾವನಿಗೆ ಆದಂಗಾಯ್ತದೆ. ಏರಿ ಮೇಲೆ ಅಂದ್ರೆ ಯಾವ ನನ್ಮಗ ಎಲ್ಲಿ ಕುಡ್ಕೊಂಡು ಕೂತಿರ್ತನೋ. ಬ್ಯಾಡ ಅಂದ್ರೆ ಬ್ಯಾಡ."

ಹುಡುಗಿ ನನ್ನ ಮುಖ ನೋಡಿದ್ಲು. "ಅತ್ತೆ, ನೀನು ಹೋಗಿರಲಿಲ್ವಾ?"

ತಮ್ಮನೂ ಅದೇ ಹಿಡ್ಕೊಂಡ. "ನೀನು ಎರಡು ವರ್ಷ ಹೋದೆಯಲ್ಲಕ್ಕ, ಯಾವತ್ತಾದ್ರೂ ಏನಾದ್ರೂ ಆಯ್ತಾ? ಆಗಿನ ಕಾಲ ಬೇರೆ. ಜನ ಒಳ್ಳೇರಿದ್ರು."

ಏನೂ ಆಗಲಿಲ್ಲ ಅಂತ ಹೇಳಿಬುಡಬಹುದಿತ್ತು. ಹುಡುಗಿಗೆ ಅದರಿಂದ ಸಹಾಯ ಆಯ್ತಿತ್ತು ಕೂಡ. ಆದ್ರೆ ಅವಳನ್ನ ಆ ದಾರಿಗೆ ಕಳಿಸೋಕೆ ನಾನು ಸಾಕ್ಷಿ ಹೇಳ್ಬೇಕು ಅಂದ್ರೆ ಸುಳ್ಳು ಸಾಕ್ಷಿ ಹೇಳೋಕಾಗಲಿಲ್ಲ. ಮಕ್ಕಳನ್ನ ಒಳಗೆ ಕಳಿಸದೆ, ಅವಳ ಎದುರಿಗೇ ಹೇಳಿದೆ. ಮೋರಿ, ಆ ಮನುಷ್ಯ, ಹುಲ್ಲು ಕುಯ್ಯೋ ಅಜ್ಜಿ, ಎಲ್ಲ. ಹೇಳೋವಾಗ ಕೈ ನಡುಗ್ತು. ಐವತ್ತೇಳು ವರ್ಷದ ಹೆಂಗಸಿಗೆ, ಮೊಮ್ಮಗ ಇರೋಳಿಗೆ.

ಅಕ್ಕ ಏನೂ ಮಾತಾಡದೆ ನನ್ನ ಕೈ ಹಿಡ್ಕೊಂಡು ಕೂತ್ಲು. ತಮ್ಮ ಎದ್ದು ಆಚೆ ಹೋದ. ತಮ್ಮನ ಹೆಂಡ್ತಿ, "ನೋಡಿ ಅತ್ತಿಗೆ, ಅದಕ್ಕೇ ಬ್ಯಾಡ ಅನ್ನೋದು" ಅಂದ್ಲು. ನಾನು ಹೇಳಿದ್ದು ಉಲ್ಟಾ ಆಯ್ತು ಅಂತ ರಾತ್ರಿ ಪೂರ್ತಿ ನಿದ್ದೆ ಬರಲಿಲ್ಲ.

ರಾತ್ರಿ ತುಲೂಸಿನ ಹುಡುಗಿಗೆ ಫೋನ್ ಹಚ್ಚಿದೆ. ಅಲ್ಲಿ ಇನ್ನೂ ಸಾಯಂಕಾಲ. "ನಿನಗೆ ಆ ದಾರೀಲಿ ಒಬ್ಬಳೇ ಹೋಗೋಕೆ ಭಯ ಆಗಲ್ವೇನವ್ವ?" ಅಂತ ಕೇಳಿದೆ. ಅವಳು ಒಸಿ ಹೊತ್ತು ಸುಮ್ಮನಿದ್ದು, "ಹಗಲು ಇಲ್ಲ ಚಿಕ್ಕವ್ವ. ದಾರಿ ಉದ್ದಕ್ಕೂ ಯಾರಾದ್ರೂ ಇರ್ತಾರೆ. ನಾಯಿ ಹಿಡ್ಕೊಂಡೋರು, ಓಡೋರು, ದೋಣಿಯಲ್ಲೇ ಮನೆ ಮಾಡ್ಕೊಂಡೋರು. ದೋಣಿ ಹತ್ತಿಸಿ ಇಳಿಸೋ ನೀರಿನ ಬಾಗಿಲ ಹತ್ರ ಒಂದೊಂದು ಮನೆ ಅದೆ. ಚಳಿಗಾಲದಲ್ಲಿ ಐದೂವರೆಗೆ ಕತ್ತಲಾಯ್ತದೆ, ಆಮೇಲೆ ನಾನೂ ಹೋಗಲ್ಲ, ಟ್ರಾಮಲ್ಲಿ ಬರ್ತೀನಿ" ಅಂದ್ಲು.

ಆಗ ನನಗೆ ಬೆಳಕು ಹರಿದಂಗಾಯ್ತು. ನಿಶ್ಶಬ್ದವಾದ ದಾರಿ ಅಂತ ಎಲ್ಲರೂ ಹೊಗಳ್ತಾರೆ, ನಾನೂ ಹೊಗಳ್ತಿದ್ದೆ. ಗಾಡಿ ಇಲ್ಲದ ನಿಶ್ಶಬ್ದ ಬೇರೆ, ಜನ ಇಲ್ಲದ ನಿಶ್ಶಬ್ದ ಬೇರೆ. ಗಂಡಸರು ಎರಡನ್ನೂ ಒಂದೇ ಅಂದ್ಕೋಬಹುದು. ನನ್ನನ್ನ ಎರಡು ವರ್ಷ ಕಾಪಾಡಿದ್ದು ಏರಿ ಅಲ್ಲ, ಏರಿ ಮೇಲೆ ಕೆಳಗೆ ಇದ್ದ ಜನ. ಒಗೆಯೋರು, ನೀರಗಂಟಿ, ನಾಟಿ ಹೆಂಗಸರು, ಹುಲ್ಲಿನಜ್ಜಿ. ಈಗ ಮನೆಮನೆಗೆ ನಲ್ಲಿ ಬಂದು ಒಗೆಯೋರು ಕಮ್ಮಿ, ನಾಟಿಗೂ ಕುಯ್ಲಿಗೂ ಮಿಷಿನ್ನು. ತಮ್ಮ ಹೇಳಿದಂಗೆ ಕಾಲ ಬೇರೆ ಆಗಿರೋದು ನಿಜ, ಆದ್ರೆ ಅವನು ಅಂದ್ಕೊಂಡ ಕಾರಣಕ್ಕಲ್ಲ.

ಬೆಳಿಗ್ಗೆ ಎದ್ದು ತಮ್ಮನಿಗೆ, "ಮೊದ್ಲು ನಾವು ನೋಡ್ಕೊಂಡು ಬರೋಣ. ಆಮೇಲೆ ಬ್ಯಾಡ ಅನ್ನು" ಅಂದೆ. ಅಟ್ಟದಿಂದ ಸೈಕಲ್ ಇಳಿಸಿದೋ. ಟ್ಯೂಬು ಎರಡೂ ಹೋಗಿತ್ತು, ಸೀಟನ್ನ ಇಲಿ ತಿಂದಿತ್ತು. ರಿಪೇರಿಗೆ ಎಂಟುನೂರು ಆಯ್ತು, ನಾನೇ ಕೊಟ್ಟೆ. ಹುಡುಗಿ ಅದರಲ್ಲಿ, ನಾನು ಪಕ್ಕದ ಮನೆಯಿಂದ ಕೇಳಿ ತಂದ ಲೇಡೀಸ್ ಸೈಕಲ್ಲಲ್ಲಿ. ಸೀರೆ ಮೇಲೆ ಆಗಲ್ಲ ಅಂತ ತಮ್ಮನ ಹೆಂಡ್ತಿ ಚೂಡಿದಾರು ಹಾಕ್ಕೊಂಡೆ. ಸೊಂಟದ ಹತ್ರ ಬಿಗಿ. ಊರ ಬಾಗಿಲಲ್ಲಿ ಕೂತಿದ್ದ ಗಂಡಸರು ಮುಖ ಮುಖ ನೋಡ್ಕೊಂಡ್ರು. ನೋಡ್ಕೊಳ್ಳಲಿ. ಮೊದಲ ನೂರು ಗಜ ಹ್ಯಾಂಡಲ್ ಆಚೆ ಈಚೆ ವಾಲಾಡ್ತು. ಆಮೇಲೆ ಕಾಲಿಗೇ ನೆನಪಾಯ್ತು.

ಏರಿ ಹಂಗೇ ಅದೆ ಅಂತ ಹೇಳೋಕೆ ಮನಸ್ಸಿತ್ತು. ಹಂಗಿಲ್ಲ. ಮೊದಲ ಒಂದು ಮೈಲಿ ಚೆನ್ನಾಗಿದೆ, ಜಲ್ಲಿ ಹಾಕಿ ಮಟ್ಟ ಮಾಡವ್ರೆ. ನಾಲೆಗೂ ಸಿಮೆಂಟು ಹಾಕವ್ರೆ, ನೀರು ಹಿಂದಿಗಿಂತ ಜೋರಾಗಿ ಓಡ್ತದೆ. ಬಿದ್ರೆ ಹಿಡ್ಕೊಳ್ಳೋಕೆ ಹುಲ್ಲಿಲ್ಲ, ನುಣ್ಣಗಿನ ಇಳಿಜಾರು. ಹಿಂದೆ ಮಣ್ಣಿನ ದಡ, ಜೊಂಡು ಹಿಡ್ಕೊಂಡಾದ್ರೂ ಹತ್ತಬಹುದಿತ್ತು. ಒಂದು ಕಡೆ ಏರಿ ಕುಸಿದು ಸೈಕಲ್ಲಿಗೆ ಒಂದೂವರೆ ಅಡಿ ದಾರಿ ಮಾತ್ರ ಉಳಿದದೆ. ಅಲ್ಲಿ ಇಳಿದು ತಳ್ಕೊಂಡೇ ಹೋಗಬೇಕು ಅಂತ ಹುಡುಗಿ ಕೈಲಿ ಆಣೆ ಮಾಡಿಸ್ಕೊಂಡೆ. ಎರಡು ಕಡೆ ಕುಡಿದ ಬಾಟ್ಲಿ ರಾಶಿ ಬಿದ್ದಿತ್ತು. ಅದನ್ನೂ ನೋಡಿದೆ, ಮುಚ್ಚಿಡಲ್ಲ.

ಆದ್ರೆ ಬಯಲು ಹಣ್ಣಾಗೋಕೆ ಶುರುವಾಗಿತ್ತು. ಬೆಳ್ಳಕ್ಕಿ ಕೂತಿದ್ವು. ಗಾಳಿ ಬಂದಾಗ ಭತ್ತದ ವಾಸನೆ. ಹುಡುಗಿ ಮುಂದೆ ಮುಂದೆ ಹೋಗಿ ತಿರುಗಿ ನೋಡೋದು, "ಅತ್ತೆ, ಬಾ ಬಿರ್ರನೆ!" ಅನ್ನೋದು. ನನ್ನ ಮಂಡಿ ಕೇಳಬೇಕಲ್ಲ.

ದಾರಿಯಲ್ಲಿ ಸಿಕ್ಕ ಸಿಕ್ಕ ಹೆಂಗಸರ ಹತ್ರ ನಿಂತು ಮಾತಾಡಿದೆ. ಯಾರು ಯಾವ ಹೊತ್ತಿನಲ್ಲಿ ಎಲ್ಲಿರ್ತಾರೆ ಅಂತ ಕೇಳಿದೆ. ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ದನ ಹೊಡ್ಕೊಂಡು ಬರೋರು ಇಬ್ಬರು. ನರೇಗಾ ಕೆಲಸ ಇದ್ದಾಗ ಒಂದು ಗುಂಪೇ ಇರ್ತದೆ. ಎರಡನೇ ಸೋಪಾನದ ಹತ್ರ ಈಗಲೂ ಕಂಬಳಿ, ಜಮಖಾನ ಒಗೆಯೋಕೆ ಬರ್ತಾರೆ, ಅದು ನಲ್ಲಿ ನೀರಲ್ಲಿ ಆಗಲ್ಲವಲ್ಲ. ಸಾಯಂಕಾಲ ನಾಲ್ಕರಿಂದ ಐದರವರೆಗೆ ಹುಲ್ಲಿಗೆ ಬರೋರು ಆರೇಳು ಜನ. ಐದೂವರೆ ಆದ್ಮೇಲೆ ಯಾರೂ ಇಲ್ಲ. ಒಬ್ಬಳು ನನ್ನ ವಯಸ್ಸಿನೋಳು, "ನಿಮ್ಮ ಹುಡುಗೀನಾ? ಬರಲಿ ಬುಡಿ, ನಮ್ಮ ಕಣ್ಣಿಲ್ವಾ" ಅಂದ್ಲು. ಅವಳ ಕೈಯಲ್ಲೂ ಕುಡ್ಲಿತ್ತು. ನಾನು ಆ ಕಡೆ ಮುಖ ತಿರುಗಿಸ್ಕೊಂಡೆ.

ಮನೆಗೆ ಬಂದು ಲೆಕ್ಕ ಒಪ್ಪಿಸಿದೆ. ಸ್ಕೂಲು ಬಿಡೋದು ನಾಲ್ಕು ಇಪ್ಪತ್ತಕ್ಕೆ. ನೇರವಾಗಿ ಹೊರಟ್ರೆ ಐದಕ್ಕೆ ಮನೆ. ಸ್ಪೆಷಲ್ ಕ್ಲಾಸಿದ್ದ ದಿನ ಸೈಕಲ್ಲು ಬ್ಯಾಡ, ವ್ಯಾನು. ಒಬ್ಬಳೇ ಬ್ಯಾಡ, ಪಕ್ಕದ ಬೀದಿ ಇಬ್ಬರು ಹುಡುಗೀರೂ ಅದೇ ಸ್ಕೂಲು, ಮೂವರೂ ಒಟ್ಟಿಗೆ. ಮತ್ತೆ ಯಾರಾದ್ರೂ ಏನಾದ್ರೂ ಅಂದ್ರೆ, ಮುಟ್ಟಿದ್ರೆ, ಮನೆಗೆ ಬಂದು ಹೇಳಬೇಕು, ಹೇಳಿದ್ದಕ್ಕೆ ಸೈಕಲ್ ಕಿತ್ಕೊಳ್ಳಲ್ಲ ಅಂತ ಅವಳಪ್ಪ ಮಾತು ಕೊಡಬೇಕು. ಈ ಕೊನೇದನ್ನ ನಾನು ಎರಡು ಸಲ ಹೇಳಿದೆ.

ತಮ್ಮ ತುಂಬ ಹೊತ್ತು ತಲೆ ಬಗ್ಗಿಸ್ಕೊಂಡು ಕೂತಿದ್ದ. ಆಮೇಲೆ, "ಅವತ್ತು ಅಪ್ಪನಿಗೆ ಯಾಕೆ ಹೇಳಲಿಲ್ಲಕ್ಕ?" ಅಂದ.

"ನೀನೇ ಯೋಚನೆ ಮಾಡು" ಅಂದೆ.

ದೀಪಾವಳಿ ಕಳೆದ ಸೋಮವಾರದಿಂದ ಮೂವರೂ ಹೋಯ್ತಾ ಅವ್ರೆ. ಮೊದಲ ವಾರ ತಮ್ಮ ತನ್ನ ಟಿವಿಎಸ್ ಹತ್ಕೊಂಡು ಅರ್ಧ ಫರ್ಲಾಂಗು ಹಿಂದೆ ಹೋಗ್ತಿದ್ದನಂತೆ. ಮಕ್ಕಳಿಗೆ ನಾಚಿಕೆ. ಎರಡನೇ ವಾರ ಬುಟ್ಟ. ಒಂದು ದಿನ ಚೈನು ಕಳಚಿ ಕೈಯೆಲ್ಲ ಗ್ರೀಸು ಮಾಡ್ಕೊಂಡು ಹೋಗಿ ಮೇಡಂ ಹತ್ರ ಬೈಸ್ಕೊಂಡ್ರು. ಒಂದು ದಿನ ನಾಯಿ ಅಟ್ಟಿಸ್ಕೊಂಡು ಬಂತು. ಬೇರೇನೂ ಇಲ್ಲ, ಇದುವರೆಗೂ. ತಮ್ಮನ ಹೆಂಡ್ತಿ ಮಾತ್ರ ಈಗಲೂ ಐದು ಗಂಟೆ ಆಯ್ತು ಅಂದ್ರೆ ಕೈಲಿ ಮೊರ ಹಿಡ್ಕೊಂಡು ಬಾಗಿಲಿಗೆ ಬಂದು ನಿಲ್ತಾಳೆ. ನಾನು ಅವಳನ್ನ ತಪ್ಪು ಅನ್ನಲ್ಲ.

ಹೋದ ವಾರ ಚುಂಚನಕಟ್ಟೆ ಜಾತ್ರೆಗೆ ಅಂತ ಮತ್ತೆ ತವರಿಗೆ ಹೋಗಿದ್ದೆ. ನಾಲೆ ನೀರು ನಿಲ್ಲಿಸವ್ರೆ. ಬೇಸಿಗೆಯಲ್ಲಿ ರಿಪೇರಿಗೆ ಬಂದ್ರೆ ಏರಿ ಮೇಲೆ ಟಿಪ್ಪರ್ ಓಡಾಡ್ತವೆ, ಆಗ ಹುಡುಗೀರಿಗೆ ಗದ್ದೆ ಒಳಗಿನ ಗಾಡಿ ಜಾಡೇ ಗತಿ, ಅಲ್ಲಿ ಮುಳ್ಳು ಜಾಸ್ತಿ, ಪಂಚರಾಗೋದು ಗ್ಯಾರಂಟಿ. ಅದಕ್ಕೆ ಏನು ಮಾಡೋದು ಅಂತ ಇನ್ನೂ ಯೋಚನೆ ಮಾಡಿಲ್ಲ.

ಸಾಯಂಕಾಲ ಅಕ್ಕನ್ನ ಕರ್ಕೊಂಡು ಏರಿ ಮೇಲೆ ನಡೆದೆ. ಅರವತ್ಮೂರು ವರ್ಷಕ್ಕೆ ಅವಳಿಗೆ ಸೈಕಲ್ ಮೇಲೆ ಕೂರೋ ಆಸೆ. ಹುಡುಗಿ ಬಂದೋಳು ಇಳಿದು, "ದೊಡ್ಡತ್ತೆ, ಕ್ಯಾರಿಯರ್ ಮೇಲೆ ಕೂತ್ಕೋ" ಅಂದ್ಲು. ಅಕ್ಕ ಒಂದು ಪಕ್ಕಕ್ಕೆ ಕಾಲು ಹಾಕಿ ಕೂತು ಸೀಟಿನ ಕಂಬಿ ಗಟ್ಟಿಯಾಗಿ ಹಿಡ್ಕೊಂಡ್ಲು, ಹುಡುಗಿ ನಿಧಾನಕ್ಕೆ ತಳ್ಕೊಂಡು ನಡೆದ್ಲು. ನಾನು ವಿಡಿಯೋ ಮಾಡಿ ತುಲೂಸಿಗೆ ಕಳಿಸಿದೆ.